ಆಪರೇಷನ್‌ಗೆ ದಿನ ಗೊತ್ತಾಗಿತ್ತು, ಟಿಎಸ್‌ಎಚ್ 38 ಇತ್ತು

ಮುಂಬೈ ಹತ್ತಿರದ ಡೊಂಬಿವ್ಲಿ ಪೂರ್ವದಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ ಇದೆ. 22 ವರ್ಷ ಆಯಿತು. ಫಾರ್ಮಸಿ ಓದಿದವರು ನಮ್ಮ ಯಜಮಾನರು. ನಾನು ಕೌಂಟರ್‌ನಲ್ಲಿ ಕೂತು ಬಿಲ್ ಹೊಡೆಯುವವಳು. ಈ ಟಾನ್ಸಿಲ್ ಆಪರೇಷನ್ನಿನ ಪ್ರಕರಣ ನನ್ನ ತಂಗಿಯದು. "ಬರಿ ಅಕ್ಕ, ನಾಲ್ಕು ಜನಕ್ಕೆ ಗೊತ್ತಾಗಲಿ. ಹೆಸರು ಮಾತ್ರ ಹಾಕಬೇಡ" ಅಂದಿದ್ದಾಳೆ. ಇದರಲ್ಲಿ ನನ್ನ ತಪ್ಪೂ ಸಾಕಷ್ಟಿದೆ. ಅದನ್ನು ಬಿಟ್ಟು ಬರೆದರೆ ಅರ್ಧ ಕಥೆ ಆಗುತ್ತದೆ, ಅದಕ್ಕೇ ಅದನ್ನೂ ಸೇರಿಸಿದ್ದೇನೆ.

ಆಗ ಅವಳಿಗೆ 36 ವರ್ಷ. ತೂಕ 64 ಕಿಲೋ. ಇಬ್ಬರು ಮಕ್ಕಳು. ಘಾಟ್‌ಕೋಪರ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಎರಡನೇ ಹೆರಿಗೆ ಆದಮೇಲೆ ಥೈರಾಯ್ಡ್ ಕಮ್ಮಿ ಇದೆ ಅಂತ ಗೊತ್ತಾಗಿತ್ತು. ರಕ್ತದಲ್ಲಿ ಆ್ಯಂಟಿಬಾಡಿ ಇತ್ತು, ಅಂದರೆ ಹಾಶಿಮೋಟೊ. ನಮ್ಮ ದೇಹವೇ ನಮ್ಮ ಥೈರಾಯ್ಡ್ ಗ್ರಂಥಿಯ ಮೇಲೆ ಜಗಳಕ್ಕೆ ನಿಲ್ಲುವ ಕಾಯಿಲೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿ ಡಾಕ್ಟರ್ ಹೆಸರನ್ನೇ ಇಟ್ಟಿದ್ದಾರೆ. ಏಳು ವರ್ಷದಿಂದ ದಿನಕ್ಕೆ 75 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ, ಗ್ರಂಥಿ ಕೊಡದ ಹಾರ್ಮೋನಿಗೆ ಬದಲಿ. ಇದೇನು ಅಪರೂಪ ಅಲ್ಲ. 2013ರಲ್ಲಿ ಪ್ರಕಟವಾದ, ಮುಂಬೈ ಮತ್ತು ಗೋವಾ ಕೂಡ ಸೇರಿದ್ದ ಎಂಟು ನಗರಗಳ ಸರ್ವೆಯಲ್ಲಿ ನೂರಕ್ಕೆ ಸುಮಾರು 11 ವಯಸ್ಕರಿಗೆ ಥೈರಾಯ್ಡ್ ಕಮ್ಮಿ ಇತ್ತು. ನಮ್ಮ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಆ ಬಿಳಿ ಡಬ್ಬಿ ನಾಲ್ಕಾದರೂ ಹೋಗುತ್ತದೆ.

ಟಾನ್ಸಿಲ್ ತೊಂದರೆ ಎರಡು ಮೂರು ವರ್ಷದ್ದು. ಗಂಟಲು ಕೆರೆತ, ಉಗುಳು ನುಂಗಲಾಗದ ನೋವು, ಕೆಲವು ಸಲ ಜ್ವರ. ಜೊತೆಗೆ ದನಿ ಒಡೆಯುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುವುದು, ರಾತ್ರಿ ಗೊರಕೆ, ಬೆಳಿಗ್ಗೆ ಎದ್ದರೆ ಸುಸ್ತು. ಎಲ್ಲವನ್ನೂ ನಾವು ಟಾನ್ಸಿಲ್ ಖಾತೆಗೇ ಬರೆದಿದ್ದೆವು.

2023ರ ಅಕ್ಟೋಬರ್‌ನಲ್ಲಿ ಇಲ್ಲೇ ಹತ್ತಿರದ ಒಂದು ನರ್ಸಿಂಗ್ ಹೋಮ್‌ನಲ್ಲಿ ತೋರಿಸಿದಳು. ಬಾಯಿಗೆ ಟಾರ್ಚ್ ಬಿಟ್ಟು ನೋಡಿದ ಡಾಕ್ಟರು "ತೆಗೆಸಿಬಿಡಿ, ರೋಜ್ ಕಾ ಝಂಝಟ್ ಯಾಕೆ" ಅಂದರು. ದೀಪಾವಳಿ ಮುಗಿದ ಮೇಲೆ ನವೆಂಬರ್ 18, ಶನಿವಾರ ಅಂತ ದಿನ ಗೊತ್ತಾಯಿತು. 48 ಸಾವಿರದ ಪ್ಯಾಕೇಜ್. ಅದರಲ್ಲಿ ರಕ್ತಕಣ ಎಣಿಸುವ ಸಿಬಿಸಿ, ರಕ್ತ ನಿಂತು ಹೆಪ್ಪುಗಟ್ಟಲು ಎಷ್ಟು ಹೊತ್ತು ಅಂತ ನೋಡುವ ಬಿಟಿ-ಸಿಟಿ, ಶುಗರ್, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲಾ ಸೇರಿತ್ತು. ಥೈರಾಯ್ಡ್ ಟೆಸ್ಟ್ ಇರಲಿಲ್ಲ. ಫಾರ್ಮ್‌ನಲ್ಲಿ ಅವಳೇ ಕೈಯಾರೆ "ಥೈರಾಯ್ಡ್ ಇದೆ, 75 ಎಂಸಿಜಿ" ಅಂತ ಬರೆದಿದ್ದಳು. ಅದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ಆಫೀಸಿನಲ್ಲಿ ಹತ್ತು ದಿನ ರಜೆ ಮಂಜೂರಾಯಿತು. ಕುಮಟಾದಿಂದ ಅಮ್ಮ ಮತ್ಸ್ಯಗಂಧ ರೈಲು ಹಿಡಿದು ಬಂದಿಳಿದರು. ಚೀಲದಲ್ಲಿ ಕುಚ್ಚಲಕ್ಕಿ, ಮುರುಗಲ ಸಿಪ್ಪೆ, ಒಂದು ಬಾಟಲಿ ಜೇನುತುಪ್ಪ.

ಗುರುವಾರ ಸಂಜೆ ಅರಿವಳಿಕೆ ಕೊಡುವ ಡಾಕ್ಟರ ಹತ್ತಿರ ತಪಾಸಣೆಗೆ ಕರೆದಿದ್ದರು. ನಾನೂ ಹೋಗಿದ್ದೆ. ನಡುವಯಸ್ಸಿನ ಹೆಂಗಸು. ಫೈಲ್ ತೆಗೆಯಲೇ ಇಲ್ಲ, ಮೊದಲು ತಂಗಿಯ ಮುಖ ನೋಡಿದರು. ಹೆಸರು ಕೇಳಿದರು, ಉತ್ತರ ಕೊಡುವಾಗ ದನಿಯನ್ನೇ ಕೇಳುತ್ತಿದ್ದ ಹಾಗಿತ್ತು. ನಾಡಿ ಹಿಡಿದರು: 54. ನಾಲಿಗೆ ಚಾಚಲು ಹೇಳಿದರು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿತ್ತು. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಪಟ್ಟನೆ ಎಗರಿತು, ಆದರೆ ವಾಪಸ್ ಬರುವಾಗ ನಿಧಾನ. ಯಾರೋ ಹಿಡಿದುಕೊಂಡು ಇಳಿಸಿದ ಹಾಗೆ. "ಕೊನೆಯ ಟಿಎಸ್‌ಎಚ್ ಯಾವಾಗ ಮಾಡಿಸಿದ್ದು?" ಅಂತ ಕೇಳಿದರು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮೆದುಳಿನ ಬುಡದಿಂದ ಬರುವ ಹಾರ್ಮೋನನ್ನು ಅಳೆಯುವ ರಕ್ತಪರೀಕ್ಷೆ ಅದು. ಥೈರಾಯ್ಡ್ ಕಮ್ಮಿ ಆದಷ್ಟೂ ಅದು ಏರುತ್ತದೆ. ತಂಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಲೆಕ್ಕ ಹಾಕಿದರೆ 14 ತಿಂಗಳು ಆಗಿತ್ತು.

ಅವತ್ತೇ ರಕ್ತ ಕೊಟ್ಟೆವು. ಶುಕ್ರವಾರ ಮಧ್ಯಾಹ್ನ ರಿಪೋರ್ಟ್ ಬಂತು. ಟಿಎಸ್‌ಎಚ್ 38.6. ಇರಬೇಕಾದ್ದು ಸುಮಾರು 0.4ರಿಂದ 4ರ ಒಳಗೆ. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು, ಇರಬೇಕಾದ್ದಕ್ಕಿಂತ ಕೆಳಗಿತ್ತು. ಆಪರೇಷನ್ ಮುಂದಕ್ಕೆ ಹೋಯಿತು. ತಂಗಿ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು. "ಗಂಟಲಿಗೆ ಆಪರೇಷನ್, ಥೈರಾಯ್ಡಿಗೆ ಅಲ್ಲವಲ್ಲ! ರಜೆ ಹಾಳು, ಅಮ್ಮ ಬಂದಿದ್ದು ಹಾಳು." ಅವಳ ಸಿಟ್ಟು ನನಗೂ ಸರಿ ಅನ್ನಿಸಿತ್ತು, ನಿಜ ಹೇಳಬೇಕು.

ಯಾಕೆ ನಿಲ್ಲಿಸಿದರು

ಮಾರನೇ ದಿನ ಆ ಮೇಡಂಗೆ ಫೋನ್ ಮಾಡಿ ಕೇಳಿದೆ. ಹತ್ತು ನಿಮಿಷ ಬಿಡಿಸಿ ಹೇಳಿದರು.

ಥೈರಾಯ್ಡ್ ಹಾರ್ಮೋನು ದೇಹದ ಒಲೆಯ ಉರಿ ಇದ್ದ ಹಾಗೆ. ಅದು ಸಣ್ಣಗಾದರೆ ಎಲ್ಲವೂ ನಿಧಾನ. ಹೃದಯ ನಿಧಾನ, ಉಸಿರು ನಿಧಾನ, ಮೈ ತಣ್ಣಗೆ, ಕರುಳೂ ಸೋಮಾರಿ. ಕೊಟ್ಟ ಮದ್ದನ್ನು ದೇಹ ಕರಗಿಸಿ ಹೊರಗೆ ಹಾಕುವುದೂ ನಿಧಾನ. ಬೇರೆಯವರಿಗೆ ಸರಿಹೋಗುವ ಅರಿವಳಿಕೆ, ನೋವಿನ ಇಂಜೆಕ್ಷನ್ ಇವರಿಗೆ ಜಾಸ್ತಿ ಆಗಿಬಿಡಬಹುದು. ಎಚ್ಚರ ಆಗುವುದು ತಡ, ತಾನಾಗಿ ಉಸಿರು ತೆಗೆದುಕೊಳ್ಳುವುದೂ ತಡ. ರಕ್ತದಲ್ಲಿ ಸೋಡಿಯಂ ಇಳಿಯಬಹುದು. ತೀರಾ ಹದಗೆಟ್ಟ ಥೈರಾಯ್ಡ್ ಇದ್ದವರು ಆಪರೇಷನ್ನಿನ ಹೊಡೆತಕ್ಕೆ ಪ್ರಜ್ಞೆ ತಪ್ಪುವ ಸ್ಥಿತಿಗೂ ಹೋಗಬಹುದು. ಅದು ಅಪರೂಪ, ಆದರೆ ಜೀವಕ್ಕೇ ಅಪಾಯ.

ಟಾನ್ಸಿಲ್ ಆಪರೇಷನ್ನಿನಲ್ಲಿ ಇನ್ನೊಂದು ತೊಡಕು. ಸರ್ಜನ್ ಕೆಲಸ ಮಾಡುವ ಜಾಗ, ಉಸಿರಿನ ಟ್ಯೂಬ್ ಹೋಗುವ ಜಾಗ ಎರಡೂ ಒಂದೇ. ನಾಲಿಗೆ ಊದಿದ್ದರೆ, ಗಂಟಲ ಒಳಗಿನ ಪದರ ಬಾತುಕೊಂಡಿದ್ದರೆ, ಥೈರಾಯ್ಡ್ ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿದ್ದರೆ ಟ್ಯೂಬ್ ಹಾಕುವುದೇ ಸಾಹಸ. ಅದಕ್ಕೇ ಕುತ್ತಿಗೆಯ ಸೋನೋಗ್ರಫಿಗೂ ಬರೆದುಕೊಟ್ಟರು. ಗ್ರಂಥಿ ಸ್ವಲ್ಪ ದಪ್ಪ ಆಗಿತ್ತು, ಶ್ವಾಸನಾಳದ ತಂಟೆಗೆ ಹೋಗಿರಲಿಲ್ಲ.

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಮೂರನೇ ಮಾತು. ಥೈರಾಯ್ಡ್ ತುಂಬಾ ಕಮ್ಮಿ ಆದಾಗ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅನ್ನುವ ಪ್ರೋಟೀನೂ ಕಮ್ಮಿ ಆಗುತ್ತದೆ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಸುಮ್ನೆ ತಗುಲಿದರೂ ಚರ್ಮ ನೀಲಿಗಟ್ಟುವುದು, ಮುಟ್ಟಿನಲ್ಲಿ ವಿಪರೀತ ಸ್ರಾವ. ತಂಗಿಗೆ ಒಂದು ವರ್ಷದಿಂದ ಮುಟ್ಟು ಏಳೆಂಟು ದಿನ ಹೋಗುತ್ತಿತ್ತು. ಅದಕ್ಕೇ ಐರನ್ ಮಾತ್ರೆ ತಿನ್ನುತ್ತಿದ್ದಳು. ಟಾನ್ಸಿಲ್ ತೆಗೆದ ಗಾಯಕ್ಕೆ ಹೊಲಿಗೆ ಹಾಕಿ ಮುಚ್ಚುವುದಿಲ್ಲ, ಹಸಿ ಗಾಯ ಹಾಗೇ ಬಾಯೊಳಗೆ ಇರುತ್ತದೆ. ಈ ಆಪರೇಷನ್ನಿನ ದೊಡ್ಡ ಭಯವೇ ರಕ್ತಸ್ರಾವ. ಬಿಟಿ-ಸಿಟಿ ನಾರ್ಮಲ್ ಬಂದಿತ್ತಲ್ಲ ಅಂದೆ. ಸಣ್ಣ ಪ್ರಮಾಣದ ಕೊರತೆ ಅದರಲ್ಲಿ ಯಾವಾಗಲೂ ಸಿಕ್ಕಿಬೀಳುವುದಿಲ್ಲ ಅಂದರು. ಒಳ್ಳೆಯ ಸುದ್ದಿ ಏನಪ್ಪಾ ಅಂದರೆ, ಥೈರಾಯ್ಡ್ ಹದಕ್ಕೆ ಬಂದರೆ ಇದೂ ತಾನಾಗಿ ಸರಿಹೋಗುತ್ತದೆ.

ಅವರು ಒತ್ತಿ ಹೇಳಿದ್ದು ಇನ್ನೊಂದು. "ಥೈರಾಯ್ಡ್ ಇದ್ದವರಿಗೆ ಆಪರೇಷನ್ ಮಾಡಬಾರದು ಅಂತ ನಾನು ಹೇಳ್ತಾ ಇಲ್ಲ. ದಿನಾ ಮಾಡ್ತೀವಿ. ಟಿಎಸ್‌ಎಚ್ ಆರೋ ಏಳೋ ಇದ್ದು ಟಿ4 ನಾರ್ಮಲ್ ಇದ್ದಿದ್ದರೆ ನಾನು ನಿಲ್ಲಿಸುತ್ತಲೂ ಇರಲಿಲ್ಲ. ಟಾನ್ಸಿಲ್ ಪಕ್ಕ ಕೀವು ತುಂಬಿ ಉಸಿರು ಕಟ್ಟುವ ಹಾಗಿದ್ದರೆ 38 ಇದ್ದರೂ ಕೈ ಹಾಕಲೇಬೇಕಾಗುತ್ತಿತ್ತು. ಆದರೆ ಇದು ಕಾಯಬಹುದಾದ ಆಪರೇಷನ್."

ಅಂಗಡಿಯ ಕಂಪ್ಯೂಟರ್

ಆ ರಾತ್ರಿ ಶಟರ್ ಅರ್ಧ ಇಳಿಸಿ ಕಂಪ್ಯೂಟರ್ ಮುಂದೆ ಕೂತೆ. ಏಳು ವರ್ಷದಿಂದ ಮಾತ್ರೆ ತಿನ್ನುವವಳ ಟಿಎಸ್‌ಎಚ್ 38 ಹೇಗೆ ಆಯಿತು? ಅವಳ ಮೊಬೈಲ್ ನಂಬರ್ ಹಾಕಿ ಒಂದು ವರ್ಷದ ಬಿಲ್‌ಗಳನ್ನು ತೆಗೆದೆ.

ಥೈರಾಕ್ಸಿನ್ ಡಬ್ಬಿಯಲ್ಲಿ 120 ಮಾತ್ರೆ. ದಿನಕ್ಕೊಂದರಂತೆ ವರ್ಷಕ್ಕೆ ಮೂರು ಡಬ್ಬಿ ಬೇಕು, ಮೇಲೆ ಐದು ಮಾತ್ರೆ. ಬಿಲ್‌ನಲ್ಲಿ ಇದ್ದದ್ದು ಎರಡು ಡಬ್ಬಿ. 240 ಮಾತ್ರೆ, 365 ದಿನ. ಬೇರೆ ಅಂಗಡಿಯಲ್ಲಿ ಅವಳು ತೆಗೆದುಕೊಳ್ಳುವುದಿಲ್ಲ. ಅಕ್ಕನ ಅಂಗಡಿ ಇರುವಾಗ ಯಾಕೆ ತೆಗೆದುಕೊಂಡಾಳು? ಮೂರರಲ್ಲಿ ಒಂದು ದಿನ ಮಾತ್ರೆ ಹೊಟ್ಟೆಗೆ ಹೋಗಿಯೇ ಇರಲಿಲ್ಲ. ಆ ಎರಡೂ ಡಬ್ಬಿಗೆ ಬಿಲ್ ಹೊಡೆದವಳು ನಾನೇ.

ಇನ್ನೊಂದು ಸಾಲು. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ತಿಂಗಳು ತಿಂಗಳೂ ತಪ್ಪದೆ. ಇವೆರಡೂ ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಮಧ್ಯೆ ನಾಲ್ಕು ಗಂಟೆ ಅಂತರ ಬೇಕು. ಗಿರಾಕಿಗಳಿಗೆ ನಾನೇ ಎಷ್ಟೋ ಸಲ ಹೇಳಿದ ಮಾತು. ತಂಗಿಗೆ ಹೇಳಿದ್ದೆನಾ? ನೆನಪಿಲ್ಲ. ಮನೆಯವರಿಗೆ ಹೇಳುವುದು ಹೀಗೇ ಬಿಟ್ಟುಹೋಗುತ್ತದೆ ಅಲ್ವಾ.

ಭಾನುವಾರ ಬೆಳಿಗ್ಗೆ ಅವಳ ಮನೆಯಲ್ಲಿ ಕೂತು ವಿಚಾರಿಸಿದೆ. ಐದು ಗಂಟೆಗೆ ಏಳುತ್ತಾಳೆ. ಎರಡು ಊಟದ ಡಬ್ಬಿ ಕಟ್ಟಬೇಕು, ನೀರು ಹಿಡಿಯಬೇಕು, ಏಳೂವರೆಯ ಲೋಕಲ್ ತಪ್ಪಿದರೆ ಲೇಡೀಸ್ ಡಬ್ಬದಲ್ಲಿ ಕಾಲಿಡಲೂ ಜಾಗ ಇಲ್ಲ. ಚಹಾ ಕುಡಿಯುತ್ತಾ ಅದೇ ಗುಟುಕಿನಲ್ಲಿ ಥೈರಾಯ್ಡ್, ಐರನ್, ಕ್ಯಾಲ್ಸಿಯಂ ಮೂರನ್ನೂ ನುಂಗುತ್ತಿದ್ದಳು. "ಒಂದೇ ಸಲ ಮುಗಿಯಲಿ ಅಂತ." ನೆನಪಾಗದ ದಿನ ಅದೂ ಇಲ್ಲ. ಮಾತ್ರೆಯ ಡಬ್ಬಿ ಇಟ್ಟಿದ್ದು ಗ್ಯಾಸ್ ಒಲೆಯ ಮೇಲಿನ ಶೆಲ್ಫ್‌ನಲ್ಲಿ, ಒಗ್ಗರಣೆಯ ಹಬೆ ನೇರ ತಗಲುವ ಜಾಗ. ಕೈಗೆತ್ತಿಕೊಂಡರೆ ಮುಚ್ಚಳ ಜಿಡ್ಡು ಜಿಡ್ಡು. ಶಾಖ, ತೇವ ಎರಡೂ ಈ ಮಾತ್ರೆಗೆ ಆಗಿಬರುವುದಿಲ್ಲ.

ಈಗ ನನ್ನ ಇನ್ನೊಂದು ತಪ್ಪು. ಅದೇ ಒಂದು ವರ್ಷದಲ್ಲಿ ಅಜಿತ್ರೋಮೈಸಿನ್ 500 ಅನ್ನುವ ಆ್ಯಂಟಿಬಯೋಟಿಕ್ಕಿನ ಮೂರು ಮಾತ್ರೆಯ ಸ್ಟ್ರಿಪ್ ಎಂಟು ಸಲ ಹೋಗಿತ್ತು. ಡಾಕ್ಟರ ಚೀಟಿ ಇದ್ದದ್ದು ಎರಡು ಸಲ ಮಾತ್ರ. ಉಳಿದ ಆರು ಸಲ "ಅಕ್ಕ, ಗಂಟಲು ಶುರುವಾಯ್ತು" ಅಂತ ಫೋನ್, ನಾನು ಸ್ಟ್ರಿಪ್ ಕವರಿಗೆ ಹಾಕಿ ಭಾವನ, ಅಂದರೆ ಅವಳ ಗಂಡನ ಕೈಲಿ ಕಳಿಸಿದ್ದು. ಚೀಟಿ ಇಲ್ಲದೆ ಕೊಡಬಾರದು ಅಂತ ಅಂಗಡಿ ಗೋಡೆಯ ಮೇಲೇ ಬೋರ್ಡ್ ಇದೆ.

ಮಾಟುಂಗಾದಲ್ಲಿ ಒಂದು ಪ್ರಶ್ನೆ

ಹೇಗೂ ಸಮಯ ಸಿಕ್ಕಿತಲ್ಲ, ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಡಿಸೆಂಬರ್ ಮೊದಲ ವಾರ ಮಾಟುಂಗಾದಲ್ಲಿ ಕೂರುವ ಒಬ್ಬ ಹಿರಿಯ ಇಎನ್‌ಟಿ ಡಾಕ್ಟರ ಹತ್ತಿರ ಹೋದೆವು. ಅವರು ಟಾರ್ಚ್ ಹಿಡಿಯುವ ಮೊದಲೇ ಕೇಳಿದರು: "ವರ್ಷಕ್ಕೆ ಎಷ್ಟು ಸಲ?"

"ಯಾವಾಗಲೂ ಇರುತ್ತೆ ಡಾಕ್ಟ್ರೇ."

"ಯಾವಾಗಲೂ ಅನ್ನೋದು ಲೆಕ್ಕ ಅಲ್ಲ."

ನಾನು ಹೆಮ್ಮೆಯಿಂದ ಬಿಲ್‌ಗಳ ಪ್ರಿಂಟ್ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು. "ಇದು ನೀವು ಎಷ್ಟು ಸಲ ಮಾರಿದಿರಿ ಅಂತ ಹೇಳುತ್ತೆ. ಇವರಿಗೆ ಎಷ್ಟು ಸಲ ಟಾನ್ಸಿಲ್ ಆಯ್ತು ಅಂತ ಹೇಳಲ್ಲ."

ಆಮೇಲೆ ವಿವರಿಸಿದರು. ಟಾನ್ಸಿಲ್ ತೆಗೆಯುವ ನಿರ್ಧಾರಕ್ಕೆ ಬಹಳ ಡಾಕ್ಟರು ಹಿಡಿಯುವ ಅಳತೆ ಒಂದಿದೆ. ಒಂದೇ ವರ್ಷದಲ್ಲಿ ಏಳು ಸಲ, ಇಲ್ಲವೇ ಎರಡು ವರ್ಷ ಸಾಲಾಗಿ ವರ್ಷಕ್ಕೆ ಐದೈದು ಸಲ, ಇಲ್ಲವೇ ಮೂರು ವರ್ಷ ಸಾಲಾಗಿ ಮೂರು ಮೂರು ಸಲ. 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನದಿಂದ ಪ್ರಸಿದ್ಧವಾದ ಅಳತೆ. ದೊಡ್ಡವರಿಗೂ ಅದನ್ನೇ ಮಾರ್ಗದರ್ಶಿಯಾಗಿ ಬಳಸುತ್ತಾರೆ. ಗಂಟಲು ಕೆರೆದರೆ ಲೆಕ್ಕಕ್ಕಿಲ್ಲ. ನೋವಿನ ಜೊತೆಗೆ 101 ಡಿಗ್ರಿ ಜ್ವರವೋ, ಟಾನ್ಸಿಲ್ ಮೇಲೆ ಬಿಳಿ ಕೀವೋ, ಕತ್ತಿನಲ್ಲಿ ನೋಯುವ ಗಂಟೋ, ಸ್ಟ್ರೆಪ್ ಬ್ಯಾಕ್ಟೀರಿಯಾ ಇದೆ ಅನ್ನುವ ರಿಪೋರ್ಟೋ ಯಾವುದಾದರೂ ಒಂದು ಇರಬೇಕು. ಮೂಗು ಸೋರುತ್ತಾ, ಕೆಮ್ಮುತ್ತಾ ಬರುವ ಗಂಟಲು ನೋವು ಹೆಚ್ಚಾಗಿ ವೈರಸ್ಸಿನದು, ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸಕ್ಕೆ ಬಾರದು. ಸ್ಟ್ರೆಪ್ ಆಗಿದ್ದರೂ ಮೊದಲ ಮದ್ದು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಹತ್ತು ದಿನ. ಮೂರು ದಿನದ ಅಜಿತ್ರೋಮೈಸಿನ್ ಅಲ್ಲ. ಇದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ. ಪುಣ್ಯಾತ್ಮರು.

ಹೊರಗೆ ಬಂದು ಇಡ್ಲಿ ತಿನ್ನುತ್ತಾ ಅಲ್ಲೇ ಲೆಕ್ಕಕ್ಕೆ ಕೂತೆವು. ಬಿಲ್ ತಾರೀಖು, ಅವಳ ಆಫೀಸ್ ರಜೆ, ನಮ್ಮಿಬ್ಬರ ವಾಟ್ಸ್ಯಾಪ್ ಮೆಸೇಜು, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಎಂಟರಲ್ಲಿ ಐದು ಸಲ "ಜ್ವರ 102", "ಬಿಳಿ ಬಿಳಿ ಕಾಣ್ತಿದೆ" ಅಂತ ಇತ್ತು. ಮೂರು ಸಲ ಬರೀ ನೆಗಡಿ. ಹಿಂದಿನ ವರ್ಷ ಐದು ಬಿಲ್. ಅದರಲ್ಲಿ ನಾಲ್ಕಕ್ಕೆ ರಜೆಯ ಸಾಕ್ಷಿ ಸಿಕ್ಕಿತು, ಒಂದಕ್ಕೆ ಏನೂ ಇಲ್ಲ. ಅಂದರೆ ಅಳತೆಯ ಗೆರೆ ಮೇಲೇ ನಿಂತಿದ್ದಳು. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ.

ಡಾಕ್ಟರು ಕೊಟ್ಟ ಮನೆಪಾಠ ಸರಳ. ಥೈರಾಯ್ಡ್ ಸರಿಹೋಗುವವರೆಗೆ ಹೇಗೂ ಆಪರೇಷನ್ ಇಲ್ಲ. ಅಷ್ಟರಲ್ಲಿ ಗಂಟಲು ನೋವು ಬಂದಾಗೆಲ್ಲ ಥರ್ಮಾಮೀಟರ್ ಇಡಿ, ಮೊಬೈಲಿನಲ್ಲಿ ಗಂಟಲಿನ ಫೋಟೋ ತೆಗೆಯಿರಿ, ಬರೆದಿಡಿ.

ಆ ಮೂರು ತಿಂಗಳು

ಥೈರಾಯ್ಡ್ ನೋಡುವ ಫಿಸಿಷಿಯನ್ ಡೋಸ್ ಜಾಸ್ತಿ ಮಾಡಲಿಲ್ಲ. ಮಾಡುತ್ತಾರೆ ಅಂತ ನಾವು ಅಂದುಕೊಂಡಿದ್ದೆವು. "ಇರುವ 75ನ್ನೇ ಮೊದಲು ಸರಿಯಾಗಿ ತಿನ್ನಿ, ಆಮೇಲೆ ನೋಡೋಣ." ಈ ಮಾತು ನನಗೆ ತುಂಬಾ ಹಿಡಿಸಿತು. ತಪ್ಪಿಸಿದ ಮಾತ್ರೆಯ ಲೆಕ್ಕದ ಮೇಲೆ ಡೋಸ್ ಏರಿಸಿದರೆ, ಸರಿಯಾಗಿ ತಿನ್ನತೊಡಗಿದ ಮೇಲೆ ಅದೇ ಜಾಸ್ತಿ ಆಗಿ ಎದೆ ಹೊಡೆದುಕೊಳ್ಳುತ್ತದೆ.

ಡಬ್ಬಿ ಒಲೆಯ ಮೇಲಿಂದ ಇಳಿದು ಮಲಗುವ ಕೋಣೆಗೆ, ಫೋನ್ ಚಾರ್ಜರ್ ಪಕ್ಕಕ್ಕೆ ಬಂತು. ಐದಕ್ಕೆ ಅಲಾರಂ ಬಂದ್ ಮಾಡುವ ಕೈಗೇ ಮಾತ್ರೆ. ಬರೀ ನೀರಲ್ಲಿ. ಚಹಾ ಐದೂಮುಕ್ಕಾಲಿಗೆ. ಕ್ಯಾಲ್ಸಿಯಂ ಮಧ್ಯಾಹ್ನ ಆಫೀಸಿನ ಊಟದ ಜೊತೆ, ಐರನ್ ರಾತ್ರಿ.

ಥೈರಾಕ್ಸಿನ್ ನಿಧಾನದ ಮದ್ದು. ಒಂದು ಮಾತ್ರೆ ತಿಂದರೆ ಅದರ ಅರ್ಧದಷ್ಟು ಒಂದು ವಾರ ಆದಮೇಲೂ ಮೈಯಲ್ಲಿರುತ್ತದೆ. ಅದಕ್ಕೇ ಬದಲಾವಣೆ ಮಾಡಿದ ಆರು ವಾರಕ್ಕಿಂತ ಮೊದಲು ಟಿಎಸ್‌ಎಚ್ ನೋಡಿ ಪ್ರಯೋಜನ ಇಲ್ಲ. ಜನವರಿ ಮೊದಲ ವಾರ: 7.8. ಆಗ ಡೋಸ್ 88ಕ್ಕೆ ಏರಿತು. ಫೆಬ್ರವರಿ ಕೊನೆಗೆ: 2.6.

ಅಷ್ಟರಲ್ಲಿ ಏನೇನು ಹೋಯಿತು ನೋಡಿ. ದನಿ ಬಿಟ್ಟುಕೊಂಡಿತು. ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಅನ್ನಿಸುವುದು ಹೋಯಿತು. ಗೊರಕೆ ಪೂರ್ತಿ ನಿಲ್ಲಲಿಲ್ಲ, ಆದರೆ ಭಾವ ಹಾಲ್‌ನಿಂದ ವಾಪಸ್ ಕೋಣೆಗೆ ಬಂದು ಮಲಗತೊಡಗಿದರು. ಮುಟ್ಟು ಐದು ದಿನಕ್ಕೆ ಬಂತು. ನಾವು ಟಾನ್ಸಿಲ್ ಖಾತೆಗೆ ಬರೆದಿದ್ದರಲ್ಲಿ ಅರ್ಧ ಥೈರಾಯ್ಡಿನ ಸಾಲವಾಗಿತ್ತು.

ಟಾನ್ಸಿಲ್ ಮಾತ್ರ ತನ್ನ ಪಾಡಿಗೆ ತಾನು ಬರುತ್ತಲೇ ಇತ್ತು. ಡಿಸೆಂಬರ್ 22: 101.6 ಡಿಗ್ರಿ, ಎಡಗಡೆ ಬಿಳಿ ಚುಕ್ಕೆ. ಜನವರಿಯಲ್ಲಿ ಒಂದು ನೆಗಡಿ, ಅದಕ್ಕೆ ಏನೂ ಕೊಡಲಿಲ್ಲ, ಐದು ದಿನದಲ್ಲಿ ತಾನಾಗಿ ಹೋಯಿತು. ಫೆಬ್ರವರಿ 9: 102, ಸ್ವಾಬ್ ಕೊಟ್ಟೆವು, ಸ್ಟ್ರೆಪ್ ಬಂತು. ಮಾರ್ಚ್ ಕೊನೆಯಲ್ಲಿ ಮತ್ತೆ, ಅದೂ ಆಡಿಟ್ ನಡುವೆ. ನಾಲ್ಕು ತಿಂಗಳಲ್ಲಿ ಮೂರು, ಎಲ್ಲಾ ಫೋಟೋ ಸಮೇತ. ಆ ಫೋಟೋಗಳು ಇನ್ನೂ ನನ್ನ ಮೊಬೈಲಿನಲ್ಲಿವೆ. ಮೊಮ್ಮಗಳ ನಾಮಕರಣದ ಫೋಟೋ ತೋರಿಸಲು ಹೋದಾಗ ಮಧ್ಯೆ ಬಂದುಬಿಡುತ್ತವೆ.

ತೆಗೆಸುವುದಾ, ಬೇಡವಾ

ಅಮ್ಮನ ಪ್ರಕಾರ ಟಾನ್ಸಿಲ್ ತೆಗೆಸಿದರೆ ಥೈರಾಯ್ಡೂ ಹೋಗುತ್ತದೆ, ಎರಡೂ ಗಂಟಲಲ್ಲೇ ಇರುವುದಲ್ಲವಾ. ಇಲ್ಲ. ಟಾನ್ಸಿಲ್ ಬಾಯಿಯ ಹಿಂಭಾಗದಲ್ಲಿ ಸೋಂಕಿನ ವಿರುದ್ಧ ಕಾವಲು ನಿಲ್ಲುವ ಅಂಗಾಂಶ, ಥೈರಾಯ್ಡ್ ಕತ್ತಿನ ಮುಂದೆ ಶ್ವಾಸನಾಳಕ್ಕೆ ಅಂಟಿಕೊಂಡ ಗ್ರಂಥಿ. ಥೈರಾಯ್ಡ್ ಸುಧಾರಿಸಲಿ ಅಂತ ಟಾನ್ಸಿಲ್ ತೆಗೆಯುವ ಪದ್ಧತಿ ಇಲ್ಲ. ಭಾವನ ಹೆದರಿಕೆ ಬೇರೆ. ಕಾವಲುಗಾರನನ್ನೇ ತೆಗೆದರೆ ದೇಹದ ಶಕ್ತಿ ಹೋಗುವುದಿಲ್ಲವಾ ಅಂತ. ಆ ಕೆಲಸ ಮಾಡುವ ಅಂಗಾಂಶ ನಾಲಿಗೆಯ ಬುಡದಲ್ಲಿ, ಮೂಗಿನ ಹಿಂದೆ ಇನ್ನೂ ಇದೆ. ದೊಡ್ಡವರಿಗೆ ಅದು ಕೊರತೆ ಅನ್ನಿಸುವುದಿಲ್ಲ ಅಂದರು ಡಾಕ್ಟರು.

ಅವರು ಆಪರೇಷನ್ನನ್ನು ಹೊಗಳಿ ಮಾರಲಿಲ್ಲ, ಅದೇ ನನಗೆ ನಂಬಿಕೆ ಹುಟ್ಟಿಸಿದ್ದು. 2023ರಲ್ಲಿ ಬ್ರಿಟನ್ನಿನ 27 ಆಸ್ಪತ್ರೆಗಳಲ್ಲಿ 453 ವಯಸ್ಕರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎರಡು ವರ್ಷದಲ್ಲಿ ಟಾನ್ಸಿಲ್ ತೆಗೆಸಿದವರು ಗಂಟಲು ನೋವು ಅನುಭವಿಸಿದ್ದು ನಡುಮಟ್ಟದಲ್ಲಿ 23 ದಿನ, ತೆಗೆಸದೆ ಕಾದವರು 30 ದಿನ. ಲಾಭ ಇದೆ, ಆದರೆ ಪವಾಡ ಅಲ್ಲ. ದೊಡ್ಡವರಿಗೆ ಎರಡು ವಾರದ ಕೆಟ್ಟ ನೋವು, ಐದರಿಂದ ಹತ್ತನೇ ದಿನದ ನಡುವೆ ರಕ್ತ ಬರುವ ಸಾಧ್ಯತೆ, ಇವನ್ನು ತಕ್ಕಡಿಯ ಇನ್ನೊಂದು ಕಡೆ ಇಡಬೇಕು.

ನನಗೆ ಬೇಡ ಅನ್ನಿಸಿತ್ತು. ತಂಗಿ ಬೇಕು ಅಂದಳು. "ನವೆಂಬರ್‌ನಲ್ಲಿ ಯಾರೋ ಹೇಳಿದರು ಅಂತ ಹೊರಟಿದ್ದೆ ಅಕ್ಕ. ಈಗ ನನಗೇ ಬೇಕು. ನಾಲ್ಕು ತಿಂಗಳಲ್ಲಿ ಮೂರು ಸಲ ಮಲಗಿದ್ದೀನಿ." ಅಲ್ಲಿಗೆ ಮುಗಿಯಿತು.

ಕಾದಿದ್ದಕ್ಕೆ ಒಂದು ಅನಿರೀಕ್ಷಿತ ಲಾಭವೂ ಆಯಿತು. ಅವಳ ಆರೋಗ್ಯ ವಿಮೆ ಮಾಡಿಸಿದ್ದು 2022ರ ಏಪ್ರಿಲ್‌ನಲ್ಲಿ. ಬಹಳ ಪಾಲಿಸಿಗಳಲ್ಲಿ ಟಾನ್ಸಿಲ್ ಆಪರೇಷನ್ನಿಗೆ 24 ತಿಂಗಳು ಕಾಯುವ ಶರತ್ತು ಇರುತ್ತದೆ. ನವೆಂಬರ್‌ನಲ್ಲಿ ಮಾಡಿಸಿದ್ದರೆ 48 ಸಾವಿರ ಪೂರ್ತಿ ಕೈಯಿಂದ ಹೋಗುತ್ತಿತ್ತು. ಪಾಲಿಸಿ ಫಾರ್ಮ್‌ನಲ್ಲಿ ಥೈರಾಯ್ಡ್ ಇದೆ ಅಂತ ಮೊದಲೇ ಬರೆದಿದ್ದರಿಂದ ಕ್ಲೇಮ್‌ನಲ್ಲಿ ತಕರಾರು ಬರಲಿಲ್ಲ.

2024ರ ಮೇ 4

ಈ ಸಲ ಬೇರೆ ಆಸ್ಪತ್ರೆ, ಮಾಟುಂಗಾದ ಡಾಕ್ಟರದೇ ಕೈ. ಹಿಂದಿನ ವಾರದ ಟಿಎಸ್‌ಎಚ್ 2.9. ಆಪರೇಷನ್ ದಿನ ಬೆಳಿಗ್ಗೆ ಐದಕ್ಕೆ ಎಂದಿನಂತೆ ಥೈರಾಕ್ಸಿನ್, ಒಂದೇ ಗುಟುಕು ನೀರಲ್ಲಿ. ಉಪವಾಸ ಅಂತ ಅದನ್ನು ಬಿಡಬೇಕಾಗಿಲ್ಲ ಅಂತ ಅರಿವಳಿಕೆ ಡಾಕ್ಟರೇ ಬರೆದುಕೊಟ್ಟಿದ್ದರು. ಮುಕ್ಕಾಲು ಗಂಟೆಯ ಕೆಲಸ. ಒಂದೂವರೆ ಗಂಟೆಯಲ್ಲಿ ಕಣ್ಣು ಬಿಟ್ಟು ಕೈಸನ್ನೆಯಲ್ಲಿ ಫೋನ್ ಕೇಳಿದಳು.

ಮನೆಗೆ ಬಂದ ಮೇಲಿನ ನೋವಿನ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ಮೂರನೇ ದಿನದಿಂದ ಕಿವಿ ನೋವು ಶುರು. ಕಿವಿಗೆ ಏನೂ ಆಗಿರಲಿಲ್ಲ. ಟಾನ್ಸಿಲ್‌ಗೂ ಕಿವಿಗೂ ಹೋಗುವ ನರ ಒಂದೇ, ಮೆದುಳಿಗೆ ಗೊಂದಲ. ಗಂಟಲಲ್ಲಿ ಕೊಳೆತ ಹಾಗೆ ಬಿಳಿ-ಹಳದಿ ಪದರ, ಬಾಯಿ ವಾಸನೆ. ಅದು ಕೀವಲ್ಲ, ಗಾಯ ಮಾಯುವ ರೀತಿಯೇ ಹಾಗೆ. ಅಮ್ಮ ಮುರುಗಲ ಹಾಕಿ ತಂಪಾಗಿ ಸಾರು ಮಾಡಿಕೊಟ್ಟು ಒಂದು ಗುಟುಕಿಗೇ ಕಣ್ಣೀರು ತರಿಸಿದರು. ಹುಳಿ ಆಗುವುದಿಲ್ಲ. ಕುಚ್ಚಲಕ್ಕಿ ಗಂಜಿ ತೆಳ್ಳಗೆ ಮಾಡಿ ಆರಿಸಿ ಕೊಟ್ಟದ್ದು ಕೆಳಗಿಳಿಯಿತು. ಥೈರಾಯ್ಡ್ ಮಾತ್ರೆ ಸಣ್ಣದಾದರೂ ನುಂಗಲಾಗದೆ ಒದ್ದಾಡಿದಳು. ಡಾಕ್ಟರನ್ನು ಕೇಳಿ ಚಮಚದಲ್ಲಿ ಪುಡಿ ಮಾಡಿ ನೀರಲ್ಲಿ ಕದಡಿ ಕೊಟ್ಟೆವು. ಒಂದು ದಿನ ಅದೂ ಆಗಲಿಲ್ಲ. ಒಂದು ದಿನ ತಪ್ಪಿದರೆ ಗಾಬರಿ ಬೇಡ, ಹಳೆಯ ದಾಸ್ತಾನು ಮೈಯಲ್ಲಿರುತ್ತದೆ.

ಆರನೇ ದಿನ, ಮೇ 10, ಅಕ್ಷಯ ತೃತೀಯ. ರಾತ್ರಿ ಎರಡು ಗಂಟೆಗೆ ಭಾವನ ಫೋನ್. "ಅಕ್ಕ, ರಕ್ತ." ನಾನು ಹೋಗುವಷ್ಟರಲ್ಲಿ ಬಾತ್‌ರೂಮಿನ ಬಿಳಿ ಬೇಸಿನ್ ಮುಂದೆ ಬಗ್ಗಿ ನಿಂತಿದ್ದಳು. ಹೊಸ ಕೆಂಪು ರಕ್ತ, ನಾಲ್ಕೈದು ಸಲ ಉಗಿದಷ್ಟು. ಮಲಗಿಸಬೇಡಿ, ನುಂಗಲು ಬಿಡಬೇಡಿ, ಸ್ವಲ್ಪ ರಕ್ತ ಆದರೂ ಮನೆಯಲ್ಲಿ ಕಾಯದೆ ಬನ್ನಿ ಅಂತ ಬರೆದುಕೊಟ್ಟಿದ್ದರು. ಕೂರಿಸಿ, ಐಸ್ ನೀರಲ್ಲಿ ಬಾಯಿ ಮುಕ್ಕಳಿಸುತ್ತಾ, ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಟ್ಯಾಕ್ಸಿಯಲ್ಲಿ ಕರೆದೊಯ್ದೆವು. ಆ ಹೊತ್ತಿನ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಅಷ್ಟು ಖಾಲಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ತಲುಪುವಷ್ಟರಲ್ಲಿ ನಿಂತಿತ್ತು. ರಾತ್ರಿ ಅಲ್ಲೇ ಇಟ್ಟುಕೊಂಡು, ಸಲೈನ್ ಹಾಕಿ, ಹಿಮೋಗ್ಲೋಬಿನ್ ನೋಡಿ, ಮಾರನೇ ದಿನ ಸಂಜೆ ಕಳಿಸಿದರು. ಮತ್ತೆ ಬರಲಿಲ್ಲ. ಟಿಎಸ್‌ಎಚ್ 38 ಇದ್ದಾಗ ಇದೇ ಆಗಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು. ನಾನಂತೂ ಆ ರಾತ್ರಿ ಪೂರ್ತಿ ಅದನ್ನೇ ಯೋಚಿಸುತ್ತಾ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ.

ಮೇ 20ರಂದು ಓಟು ಹಾಕಲು ತಾನೇ ನಡೆದುಕೊಂಡು ಹೋದಳು. ಅದಾದ ಮೇಲಿನ ಒಂದು ವರ್ಷದಲ್ಲಿ ಎರಡು ಸಲ ಗಂಟಲು ನೋವು ಬಂತು, ಎರಡೂ ನೆಗಡಿಯ ಜೊತೆ, ಜ್ವರ ಇಲ್ಲ.

ಅಂಗಡಿಯಲ್ಲಿ ಈಗ ಥೈರಾಕ್ಸಿನ್ ಡಬ್ಬಿ ಯಾರಿಗೇ ಕೊಡಲಿ, ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಅವತ್ತಿನ ತಾರೀಖು ಬರೆದು ಕೊಡುತ್ತೇನೆ. ಚೀಟಿ ಇಲ್ಲದೆ ಅಜಿತ್ರೋಮೈಸಿನ್ ಕೊಡದ್ದಕ್ಕೆ ಎದುರು ಬಿಲ್ಡಿಂಗಿನವರು ಮುನಿಸಿಕೊಂಡು ಬೇರೆ ಅಂಗಡಿ ಹಿಡಿದಿದ್ದಾರೆ. ಕಳೆದ ವಾರ ತಂಗಿ ಹೊಸ ಡಬ್ಬಿಗೆ ಬಂದಳು. ಹಳೆಯದನ್ನು ಕೌಂಟರ್ ಮೇಲೆ ಸುರಿದು ಎಣಿಸಿದೆ. ಮುಚ್ಚಳದ ತಾರೀಖಿನ ಲೆಕ್ಕಕ್ಕೆ ಆರು ಇರಬೇಕಿತ್ತು, ಒಂಬತ್ತು ಇದ್ದವು.

"ಯಾವ ಮೂರು ದಿನ?" ಅಂದೆ.

"ಗಣಪತಿಗೆ ಊರಿಗೆ ಹೋಗಿದ್ದೆನಲ್ಲ ಅಕ್ಕ" ಅಂದಳು.